ಹೀರೇಬಳ್ಳಿ ಮತ್ತು ಹಾವರ್ಥಿಯಾ: ಬಳಕೆದಾರರ ಸಂಯುಕ್ತ ಕೈಪಿಡಿ

ಅಭಿನಂದನೆಗಳು

ಕೆಳಕಂಡ ಎರಡು ಗಿಡಗಳಲ್ಲಿ ಒಂದನ್ನು ಮನೆ ತುಂಬಿಸಿಕೊಳ್ಳಲು ಮನಸ್ಸು ಮಾಡಿದ್ದಕ್ಕೆ ತಮಗೆ ಅಭಿನಂದನೆಗಳು. ಯಾವುದು ಎಂದು ತಾವಿನ್ನೂ ತೀರ್ಮಾನಿಸಿಲ್ಲವೆಂಬುದು ನಮಗೆ ಗೊತ್ತು. ತೀರ್ಮಾನಿಸಿದವರು ಕೈಪಿಡಿ ಓದುವುದಿಲ್ಲ. ಅವರು ನೇರ ನರ್ಸರಿಗೆ ಹೋಗಿ, ಬೇಕಾದ್ದಕ್ಕಿಂತ ಮೂರು ಕುಂಡ ಹೆಚ್ಚಿಗೆ ಕೊಂಡು, ಆಟೋದಲ್ಲಿ ಮಡಿಲ ಮೇಲಿಟ್ಟುಕೊಂಡು ಮನೆ ಸೇರಿರುತ್ತಾರೆ.

ಈ ಕೈಪಿಡಿ ಎರಡು ಮಾದರಿಗಳಿಗೆ ಅನ್ವಯಿಸುತ್ತದೆ. ಮೊದಲನೆಯದು ಹೀರೇಬಳ್ಳಿ. ಬೀಜದಿಂದ ಹೊರಟು ಒಂದೂವರೆ ತಿಂಗಳೊಳಗೆ ಬಾಲ್ಕನಿಯ ಗ್ರಿಲ್ಲು, ಬಟ್ಟೆ ಒಣಹಾಕುವ ಹಗ್ಗ, ಡಿಶ್ ಆಂಟೆನಾ ಮೂರನ್ನೂ ವಶಪಡಿಸಿಕೊಳ್ಳುವ ತರಕಾರಿ. ಎರಡನೆಯದು ಹಾವರ್ಥಿಯಾ. ಅಂಗೈಯಗಲದ ಕುಂಡದಲ್ಲಿ ಕೂತು, ತಂದ ದಿನ ಎಷ್ಟಿತ್ತೋ ಮರುವರ್ಷವೂ ಹೆಚ್ಚುಕಡಿಮೆ ಅಷ್ಟೇ ಇರುವ ಪುಟ್ಟ ಸಕ್ಯುಲೆಂಟ್. ಚೂಪು ತುದಿಯ ಕಡುಹಸಿರು ಎಲೆ, ಎಲೆಯ ಬೆನ್ನಿಗೆ ಬಿಳಿ ಪಟ್ಟೆ. ನರ್ಸರಿಯವರು ಇದನ್ನು ಜೀಬ್ರಾ ಪ್ಲಾಂಟ್ ಎನ್ನುತ್ತಾರೆ. ಹೇಗೆ ಸಾಕುವುದೆಂದು ಕೇಳಿದರೆ, "ಏನೂ ಮಾಡೋದ್ ಬೇಡ ಸಾರ್, ನೀರೂ ಬೇಡ" ಎನ್ನುತ್ತಾರೆ. ಆ ವಾಕ್ಯದ ಮೊದಲರ್ಧ ಬಹುತೇಕ ನಿಜ. ಎರಡನೆಯ ಅರ್ಧದ ಬಗ್ಗೆ 'ನೀರು' ಎಂಬ ಅಧ್ಯಾಯ ನೋಡುವುದು.

ತಾಂತ್ರಿಕ ವಿವರಗಳು

*ತವರು:* ಹೀರೆ ನಮ್ಮ ನೆಲದ್ದೇ ಎಂದು ಸಸ್ಯವಿಜ್ಞಾನಿಗಳ ಅಂದಾಜು. ಹಾವರ್ಥಿಯಾ ದಕ್ಷಿಣ ಆಫ್ರಿಕಾದ ಪೂರ್ವ ಕೇಪ್ ಸೀಮೆಯದು. ಅಲ್ಲಿ ಅದು ಪೊದೆಗಳ ನೆರಳಿನಲ್ಲಿ, ಕಲ್ಲುಗಳ ಸಂದಿಯಲ್ಲಿ ಬೆಳೆಯುತ್ತದೆ.

*ಕುಲಗೋತ್ರ:* ಹೀರೆಗೆ ಸೌತೆ, ಸೋರೆ, ಕುಂಬಳ, ಹಾಗಲ ಎಲ್ಲ ಒಡಹುಟ್ಟುಗಳು. ಹಾವರ್ಥಿಯಾ ಲೋಳೆಸರದ ದಾಯಾದಿ. ಅದಕ್ಕೆ ಏಡ್ರಿಯನ್ ಹಾವರ್ಥ್ ಎಂಬ ಇಂಗ್ಲೆಂಡಿನ ಸಸ್ಯಪ್ರೇಮಿಯ ಹೆಸರನ್ನಿಟ್ಟದ್ದು 1809ರಲ್ಲಿ. 2013ರಲ್ಲಿ ವಿಜ್ಞಾನಿಗಳು ಆ ಕುಲವನ್ನು ಒಡೆದು ಪಾಲು ಮಾಡಿದಾಗ ಪಟ್ಟೆಯ ಜೀಬ್ರಾ ಗಿಡ 'ಹಾವರ್ಥಿಯಾಪ್ಸಿಸ್' ಎಂಬ ಹೊಸ ಮನೆ ಸೇರಿತು. ನರ್ಸರಿಯ ಚೀಟಿಗೆ ಈ ಸುದ್ದಿ ಇನ್ನೂ ಮುಟ್ಟಿಲ್ಲ, ಗಿಡಕ್ಕೂ ಮುಟ್ಟಿದಂತಿಲ್ಲ. ಆದಕಾರಣ ಈ ಕೈಪಿಡಿ ಹಳೆಯ ಹೆಸರನ್ನೇ ಬಳಸುತ್ತದೆ.

*ಗಾತ್ರ:* ಹೀರೆ 15ರಿಂದ 20 ಅಡಿ, ಅವಕಾಶವಿದ್ದರೆ ಇನ್ನೂ ಹೆಚ್ಚು. ಹಾವರ್ಥಿಯಾ ಒಂದು ಗೇಣಿನೊಳಗೆ.

*ಆಯುಷ್ಯ:* ಹೀರೆ ಒಂದು ಹಂಗಾಮು. ಹಾವರ್ಥಿಯಾ, ತಾವು ಅಡ್ಡಬಾರದಿದ್ದಲ್ಲಿ, ದಶಕಗಳು.

*ಇಂಧನ:* ಹೀರೆಗೆ ದಿನಕ್ಕೆ 6 ಗಂಟೆಯಾದರೂ ನೇರ ಬಿಸಿಲು. ಹಾವರ್ಥಿಯಾಕ್ಕೆ ಬೆಳಗಿನ ಎಳೆಬಿಸಿಲು ಬೀಳುವ ಪೂರ್ವದ ಕಿಟಕಿ ಸಾಕು. ನಡುಹಗಲಿನ ಬಿಸಿಲಿಗಿಟ್ಟರೆ ಎಲೆ ಕೆಂಪಾಗುತ್ತದೆ. ಇದನ್ನು 'ಎಂಥಾ ಬಣ್ಣ ಬಂದಿದೆ ನೋಡಿ' ಎಂದು ನೆಂಟರಿಗೆ ತೋರಿಸತಕ್ಕದ್ದಲ್ಲ.

*ಉತ್ಪನ್ನ:* ಹೀರೇಕಾಯಿ. ಹಾವರ್ಥಿಯಾದಿಂದ ತಿನ್ನತಕ್ಕ ಉತ್ಪನ್ನ ಇರುವುದಿಲ್ಲ.

ಪೆಟ್ಟಿಗೆಯೊಳಗೆ ಏನಿರುತ್ತದೆ

ಹೀರೆ ಬರುವುದು ಬೀಜದ ಪೊಟ್ಟಣವಾಗಿ. ಕರಿಯ, ಚಪ್ಪಟೆ, ಮೈ ಒರಟಾದ ಬೀಜ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಅರ್ಕಾ ಸುಮೀತ್, ಅರ್ಕಾ ಸುಜಾತ್ ತಳಿಗಳು ಸಿಕ್ಕರೆ ಒಳ್ಳೆಯದು. ಊರಿನಿಂದ ದೊಡ್ಡಮ್ಮ ಹಳೆಯ ಸೀರೆಯ ಚೂರಿನಲ್ಲಿ ಗಂಟು ಕಟ್ಟಿ ಕೊಟ್ಟ ಬೀಜವಿದ್ದರೆ ಅದನ್ನೂ ಹಾಕಬಹುದು. ಪೊಟ್ಟಣದ ಮೇಲಿರುವ ಚಿತ್ರದಷ್ಟು ನೆಟ್ಟಗೆ, ಉದ್ದಕ್ಕೆ ಕಾಯಿ ಬಿಡುತ್ತದೆಂಬ ಭರವಸೆಯನ್ನು ಯಾವುದಕ್ಕೂ ಕೊಡಲಾಗುವುದಿಲ್ಲ.

ಹಾವರ್ಥಿಯಾ ಬರುವುದು ಪೂರ್ತಿ ತಯಾರಾಗಿ: ಪಿಂಗಾಣಿ ಬಟ್ಟಲು, ಮೇಲೆ ಬಣ್ಣದ ಕಲ್ಲು, ಕೆಲವೊಮ್ಮೆ ಒಂದು ಪ್ಲಾಸ್ಟಿಕ್ ಬುದ್ಧ. ಮನೆಗೆ ತಂದ ಕೂಡಲೇ ಮಾಡತಕ್ಕ ತಪಾಸಣೆ ಹೀಗಿದೆ. ಒಂದು, ಬಟ್ಟಲನ್ನು ಮೇಲೆತ್ತಿ ತಳ ನೋಡಿ; ತೂತಿಲ್ಲದಿದ್ದರೆ ಅದು ಕುಂಡವಲ್ಲ, ಬಾವಿ. ಎರಡು, ಕಲ್ಲುಗಳನ್ನು ಬೆರಳಿನಿಂದ ಅಲ್ಲಾಡಿಸಿ. ಅಂಟಿನಿಂದ ಕೂರಿಸಿದ್ದರೆ ಕಿತ್ತುಹಾಕಿ, ನೀರು ಒಳಗಿಳಿಯಲು ದಾರಿ ಬೇಕು. ಮೂರು, ಗಿಡದ ನೆತ್ತಿಯಲ್ಲಿ ಗುಲಾಬಿ ಬಣ್ಣದ ಹೂವಿದ್ದರೆ ಮೆಲ್ಲಗೆ ಎಳೆದು ನೋಡಿ. ಹಾವರ್ಥಿಯಾದ ಹೂವು ತೆಳ್ಳನೆಯ ಉದ್ದ ದಂಟಿನ ಮೇಲೆ ಬಿಡುವ, ಎಳ್ಳುಹೂವಿಗಿಂತ ಚಿಕ್ಕದಾದ ಬಿಳಿಯ ಹೂವು. ನೆತ್ತಿಯ ಗುಲಾಬಿ ಹೂವು ಕೈಗೆ ಬಂದರೆ ಗಾಬರಿ ಬೇಡ. ಅದನ್ನು ಬಿಸಿ ಅಂಟಿನಿಂದ ಅಂಟಿಸಿದ್ದು.

ಅಳವಡಿಕೆ: ಹೀರೆ

ಬೀಜವನ್ನು ಒಂದು ರಾತ್ರಿ ನೆನೆಹಾಕಿ, ಒಂದಿಂಚು ಆಳಕ್ಕೆ ಊರಿ. ಸುಮಾರು ಒಂದು ವಾರದಲ್ಲಿ ಮೊಳಕೆ ಮೇಲೆ ಬರುತ್ತದೆ. ನಡುವೆ ಮಣ್ಣು ಕೆದಕಿ 'ಬಂತೇ' ಎಂದು ನೋಡುವ ಸೌಲಭ್ಯ ಈ ಮಾದರಿಯಲ್ಲಿಲ್ಲ.

ತೊಟ್ಟಿ ದೊಡ್ಡದಿರಲಿ. 20 ಲೀಟರಿನ ಪೇಂಟ್ ಬಕೆಟ್ಟನ್ನು ಚೆನ್ನಾಗಿ ತೊಳೆದು, ತಳಕ್ಕೆ ತೂತು ಹೊಡೆದರೆ ಒಂದು ಬಳ್ಳಿಗೆ ಸಾಕು. ಮಣ್ಣಿಗೆ ಎರೆಗೊಬ್ಬರವನ್ನೋ ಹಳೆಯ ಕೊಟ್ಟಿಗೆ ಗೊಬ್ಬರವನ್ನೋ ಧಾರಾಳವಾಗಿ ಬೆರೆಸಿ. ಯೂರಿಯಾ ಮಾತ್ರ ಧಾರಾಳ ಬೇಡ. ಸಾರಜನಕ ಹೆಚ್ಚಾದರೆ ಬಳ್ಳಿ ಎಲೆಯ ಮೇಲೆ ಎಲೆ ಬಿಟ್ಟು, ಕಾಯಿಯ ಮಾತನ್ನೇ ಮರೆಯುತ್ತದೆ.

ಈಗ ಚಪ್ಪರದ ಪ್ರಶ್ನೆ. ಇದನ್ನು ಬೀಜ ಹಾಕಿದ ದಿನವೇ ಬಗೆಹರಿಸಬೇಕು. 'ಬೆಳೆಯಲಿ, ಆಮೇಲೆ ನೋಡೋಣ' ಎಂದವರ ಮನೆಯಲ್ಲಿ ಏನಾಗಿದೆಯೆಂದು ನೋಡಬೇಕಿದ್ದರೆ ಅವರ ಡಿಶ್ ಆಂಟೆನಾದತ್ತ ಕಣ್ಣು ಹಾಯಿಸಿ. ಹೀರೆಯ ಗೆಣ್ಣು ಗೆಣ್ಣಿನಲ್ಲೂ ಕವಲೊಡೆದ ತೆಳ್ಳನೆಯ ಎಳೆಗಳಿರುತ್ತವೆ. ಶಾಲೆಯ ಪುಸ್ತಕದಲ್ಲಿ ಓದಿದ ಲತಾತಂತು ಇದೇ. ಬಳ್ಳಿಯ ತುದಿ ಗಾಳಿಯಲ್ಲಿ ನಿಧಾನವಾಗಿ ಸುತ್ತು ಹಾಕುತ್ತ ಹಿಡಿಯಲು ಏನಾದರೂ ಸಿಗುತ್ತದೆಯೇ ಎಂದು ತಡಕಾಡುತ್ತಿರುತ್ತದೆ. ಚಾರ್ಲ್ಸ್ ಡಾರ್ವಿನ್ ಹೀರೆಯ ಬಳಗಕ್ಕೇ ಸೇರಿದ ಒಂದು ಕಾಡುಸೌತೆಯನ್ನು ತನ್ನ ಓದುಕೋಣೆಯಲ್ಲಿಟ್ಟುಕೊಂಡು ಈ ತಡಕಾಟವನ್ನು ಗಮನಿಸಿದ. ಸುಮಾರು ಎರಡು ಗಂಟೆಗೆ ಒಂದು ಸುತ್ತು. ಬಳ್ಳಿಗಳ ಚಲನೆಯ ಮೇಲಿನ ಅವನ ದೀರ್ಘ ಪ್ರಬಂಧ 1865ರಲ್ಲಿ ಲಂಡನ್ನಿನ ಲಿನ್ನಿಯನ್ ಸೊಸೈಟಿಯ ಪತ್ರಿಕೆಯಲ್ಲಿ ಬಂತು.

ತಂತು ಆಸರೆಯನ್ನು ಹಿಡಿದ ಮೇಲೆ ನಡೆಯುವುದನ್ನು ತಾವೂ ನೋಡಬಹುದು, ಡಾರ್ವಿನ್ನನ ತಾಳ್ಮೆ ಬೇಕಿಲ್ಲ. ನೆಟ್ಟಗಿದ್ದ ಎಳೆ ಸ್ಪ್ರಿಂಗಿನಂತೆ ಸುರುಳಿಯಾಗುತ್ತದೆ. ಎರಡೂ ತುದಿ ಬಿಗಿಯಾಗಿರುವುದರಿಂದ ಒಂದೇ ದಿಕ್ಕಿಗೆ ಸುತ್ತಲು ಬರುವುದಿಲ್ಲ. ಅರ್ಧ ಬಲಕ್ಕೆ, ಅರ್ಧ ಎಡಕ್ಕೆ ಸುತ್ತುತ್ತದೆ. ನಡುವೆ ದಿಕ್ಕು ಬದಲಿಸಿದ ಜಾಗ ಕಣ್ಣಿಗೇ ಕಾಣುತ್ತದೆ. ಆಷಾಢದ ಗಾಳಿಯಲ್ಲಿ ಇಡೀ ಬಳ್ಳಿ ತೊನೆದಾಡಿದರೂ ಹರಿಯದಿರುವುದು ಈ ಸ್ಪ್ರಿಂಗಿನಿಂದ. ಆದ್ದರಿಂದ, ಹೀರೆ ಒಮ್ಮೆ ಹಿಡಿದ ಶರಟನ್ನು ಹಗ್ಗದಿಂದ ಬಿಡಿಸುವಾಗ ಎಳೆಯಬೇಡಿ. ಕತ್ತರಿ ತನ್ನಿ. ಶರಟಿಗೆ ಎಷ್ಟು ಬೆಲೆ ಕೊಟ್ಟಿದ್ದಿರೆಂದು ಬಳ್ಳಿಗೆ ತಿಳಿಯದು.

*ನೆರೆಹೊರೆಗೆ ಸಂಬಂಧಿಸಿದ ಸೂಚನೆ:* ಬಳ್ಳಿಯು ಮೇಲಂತಸ್ತಿನ ಬಾಲ್ಕನಿಗೆ ಹೋಗಿ ಅಲ್ಲಿ ಕಾಯಿ ಬಿಟ್ಟಲ್ಲಿ, ಕಾಯಿ ಯಾರದು ಎಂಬ ಪ್ರಶ್ನೆ ಏಳುತ್ತದೆ. "ಆಂಟೀ, ನಿಮ್ಮ ಹೀರೇಕಾಯಿ ನಮ್ಮನೆಗೆ ಬಂದಿದೆ" ಎಂದು ಮೇಲಿನವರು ಕೂಗಿ ಹೇಳಿದರೆ, "ಬಂದದ್ದು ಬಂತು, ನೀವೇ ಇಟ್ಕೊಳ್ಳಮ್ಮ" ಎನ್ನುವುದು ಅಧಿಕೃತ ಉತ್ತರ. ಮರುದಿನ ಒಂದು ಬಟ್ಟಲು ತೊವ್ವೆ ಕೆಳಗಿಳಿದು ಬಂದರೆ ಪ್ರಕರಣ ಮುಕ್ತಾಯವಾದಂತೆ.

ಅಳವಡಿಕೆ: ಹಾವರ್ಥಿಯಾ

ತೂತಿರುವ ಸಣ್ಣ ಮಣ್ಣಿನ ಕುಂಡ ತೆಗೆದುಕೊಳ್ಳಿ. ಗಿಡ ಚಿಕ್ಕದು, ಬೆಳೆಯಲು ಜಾಗವಿರಲಿ ಎಂದು ದೊಡ್ಡ ಕುಂಡ ಕೊಡುವುದು ಪ್ರೀತಿಯ ಲಕ್ಷಣವೇ ಹೌದು. ಆದರೆ ಬೇರು ಮುಟ್ಟದ ಮಣ್ಣೆಲ್ಲ ಒದ್ದೆಯಾಗಿಯೇ ಕೂರುತ್ತದೆ. ಮಣ್ಣು ಒಂದು ಪಾಲಾದರೆ, ದಪ್ಪ ಮರಳು, ಇಟ್ಟಿಗೆಯ ಚೂರು, ಇದ್ದಿಲಿನ ಚೂರು ಇವೆಲ್ಲ ಸೇರಿ ಎರಡು ಪಾಲಿರಲಿ. ಮೇಲೆ ಸುರಿದ ನೀರು ಕೂಡಲೇ ತಳದ ತೂತಿನಿಂದ ಹೊರಗೆ ಬಂದರೆ ಅಳವಡಿಕೆ ಯಶಸ್ವಿ. ಕೂಡಲೇ ಬಾರದಿದ್ದರೆ ಮರಳು ಸೇರಿಸಿ ಮತ್ತೊಮ್ಮೆ ಪ್ರಯತ್ನಿಸಿ. ಚಪ್ಪರ, ಹಗ್ಗ, ಕೋಲು ಬೇಕಾಗಿಲ್ಲ. ಅಧ್ಯಾಯ ಮುಗಿಯಿತು.

ನೀರು

ಈ ಕೈಪಿಡಿಯಲ್ಲಿ ಒಂದೇ ಅಧ್ಯಾಯ ಓದುವಷ್ಟು ವ್ಯವಧಾನವಿದ್ದರೆ ಇದನ್ನು ಓದಿ.

ಬೇಸಿಗೆಯ ಮಧ್ಯಾಹ್ನ ಒಂದು ಗಂಟೆಗೆ ಹೀರೇಬಳ್ಳಿಯನ್ನು ನೋಡಿದ ಯಾರಿಗಾದರೂ ಕರುಳು ಚುರುಕ್ ಎನ್ನುತ್ತದೆ. ಎಲೆಗಳು ಜೋತುಬಿದ್ದು, ತುದಿ ತಲೆ ತಗ್ಗಿಸಿ, ಇನ್ನೊಂದು ಗಳಿಗೆಯಲ್ಲಿ ಪ್ರಾಣ ಹೋಗುತ್ತದೆ ಎಂಬಂತಿರುತ್ತದೆ. ತಾವು ಬಕೆಟ್ ಹಿಡಿದು ಓಡುತ್ತೀರಿ. ನಿಲ್ಲಿ. ಅಗಲವಾದ ಆ ಎಲೆಗಳಿಂದ ನೀರು ಆವಿಯಾಗಿ ಹೋಗುವ ವೇಗಕ್ಕೆ ಬೇರಿನ ಪೂರೈಕೆ ಆ ಹೊತ್ತಿನಲ್ಲಿ ಸಾಲದು, ಅಷ್ಟೇ. ಸಂಜೆ ಬಿಸಿಲಿಳಿದಾಗ ಹೋಗಿ ನೋಡಿ: ಏನೂ ಆಗಿಯೇ ಇಲ್ಲವೆಂಬಂತೆ ಎಲೆಗಳು ಸೆಟೆದು ನಿಂತಿರುತ್ತವೆ. ನಿಜವಾಗಿ ಬಾಯಾರಿದ ಹೀರೆಯನ್ನು ಗುರುತಿಸುವ ಹೊತ್ತು ಮಧ್ಯಾಹ್ನವಲ್ಲ, ಮುಂಜಾನೆ. ರಾತ್ರಿಯಿಡೀ ತಂಪಿನಲ್ಲಿದ್ದೂ ಬೆಳಗ್ಗೆ ಏಳಕ್ಕೆ ಜೋತಿದ್ದರೆ ಆಗ ತಡಮಾಡದೆ ನೀರು ಹಾಕಿ. ಬೇಸಿಗೆಯಲ್ಲಿ ದಿನವೂ ಬೆಳಗ್ಗೆ ಬುಡ ತುಂಬ ನೀರು ಬೇಕು. ಬಕೆಟ್ಟಿನಲ್ಲಿ ಬೆಳೆದ ಬಳ್ಳಿಗೆ ಕೆಲವೊಮ್ಮೆ ಸಂಜೆಯೂ. ಎರಡು ದಿನ ಊರಿಗೆ ಹೋಗುವುದಿದ್ದರೆ ಹಾಲು ಬೇಡವೆಂದು ಹೇಳುವುದರ ಜೊತೆಗೆ ಹೀರೆಗೂ ಒಬ್ಬರನ್ನು ಗೊತ್ತುಮಾಡಿ ಹೋಗಬೇಕು.

ಹಾವರ್ಥಿಯಾದ ನೀರಿನ ಲೆಕ್ಕ ಬೇರೆ. ಅದು ಎಲೆಯಲ್ಲೇ ನೀರು ಕೂಡಿಟ್ಟುಕೊಂಡಿದೆ. ಮಣ್ಣು ಪೂರ್ತಿ ಒಣಗಿದ ಮೇಲೆ ಒಂದು ಸಲ ಚೆನ್ನಾಗಿ ತೋಯಿಸಿ, ಹೆಚ್ಚಿನ ನೀರು ಬಸಿದುಹೋಗಲು ಬಿಟ್ಟು, ಮತ್ತೆ ಪೂರ್ತಿ ಒಣಗುವ ತನಕ ಮರೆತುಬಿಡಬೇಕು. ಬೇಸಿಗೆಯಲ್ಲಿ ಇದು ಹತ್ತು ಹದಿನೈದು ದಿನಕ್ಕೊಮ್ಮೆ ಬರಬಹುದು. ಮಳೆಗಾಲದಲ್ಲಿ ಇನ್ನೂ ಅಪರೂಪಕ್ಕೆ. ಕುಂಡವನ್ನು ಇರಚಲು ತಾಗದ ಕಡೆಗೆ ಸರಿಸಿ. ದಿನಕ್ಕೊಂದು ಚಮಚ ನೀರು ಹಾಕುವುದು ಮಿತವ್ಯಯವೂ ಅಲ್ಲ, ಕರುಣೆಯೂ ಅಲ್ಲ. ಬೇರು ಕೊಳೆಯಲು ಬೇಕಾದ ಪರಿಸ್ಥಿತಿ ಅದೇ. ನರ್ಸರಿಯವರು 'ನೀರೇ ಬೇಡ' ಎಂದದ್ದು ಸಸ್ಯಶಾಸ್ತ್ರದ ದೃಷ್ಟಿಯಿಂದ ಸುಳ್ಳು. ಕೊಳ್ಳುವವರ ಸ್ವಭಾವವನ್ನು ಬಲ್ಲವರ ಮಾತಾಗಿ ಅದಕ್ಕೆ ಬೆಲೆಯಿದೆ.

ರಾತ್ರಿ ಪಾಳಿ

ಎರಡು ಮಾದರಿಗಳಿಗೂ ಸಾಮಾನ್ಯವಾದ ಒಂದು ಗುಣವಿದೆ. ಇಬ್ಬರ ಮುಖ್ಯ ಕೆಲಸವೂ ಶುರುವಾಗುವುದು ತಾವು ಕಚೇರಿಯಿಂದ ಬಂದ ಮೇಲೆ.

ಹೀರೆಯ ಹಳದಿ ಹೂವು ಅರಳುವುದು ಸಂಜೆ. ಅದರ ಹತ್ತಿರದ ಬಂಧು ತುಪ್ಪದ ಹೀರೆ ಮುಂಜಾನೆ ಅರಳಿದರೆ, ಇದು ಐದು ಗಂಟೆ ದಾಟಿದ ಮೇಲೆ ಕಣ್ಣು ಬಿಡುತ್ತದೆ. ಪರಾಗ ಸಾಗಿಸುವ ಪತಂಗಗಳು ಏಳನೇ ಮಹಡಿಗೆ ಬರುವುದು ಅಪರೂಪ. ಬಂದರೂ ಟ್ಯೂಬ್‌ಲೈಟಿನ ಸುತ್ತ ಸುಳಿದು ಹೋಗುತ್ತವೆ. ಆದ್ದರಿಂದ ಆ ಕೆಲಸ ತಮ್ಮ ಪಾಲಿಗೆ ಬರುತ್ತದೆ.

*ವಿಧಾನ:* ಮೊದಲು ಗಂಡು ಹೂವು ಯಾವುದು, ಹೆಣ್ಣು ಹೂವು ಯಾವುದು ಎಂದು ಗುರುತಿಸಿ. ಗಂಡು ಹೂವುಗಳು ಉದ್ದ ಕಡ್ಡಿಯಲ್ಲಿ ಗೊಂಚಲಾಗಿರುತ್ತವೆ. ಹೆಣ್ಣು ಹೂವು ಒಂಟಿ. ಅದರ ಬುಡದಲ್ಲಿ ಬೆರಳುದ್ದದ ಎಳೆಗಾಯಿ ಆಗಲೇ ಇರುತ್ತದೆ. ಗಂಡು ಹೂವೊಂದನ್ನು ಕಿತ್ತು, ಎಸಳು ಹಿಂದಕ್ಕೆ ಮಡಚಿ, ಅದರ ನಡುಭಾಗವನ್ನು ಹೆಣ್ಣು ಹೂವಿನ ನಡುಭಾಗಕ್ಕೆ ಮೆಲ್ಲಗೆ ಸವರಿ. ಹಳದಿ ಪುಡಿ ಅಂಟಿದರೆ ಆಯಿತು. ಟಾರ್ಚ್ ಹಿಡಿದು ಬಾಲ್ಕನಿಯಲ್ಲಿ ನಿಂತವರನ್ನು ಎದುರು ಬ್ಲಾಕಿನವರು ಏನೆಂದುಕೊಳ್ಳುತ್ತಾರೆಂಬ ಚಿಂತೆ ಬೇಡ. ಅವರ ಮನೆಯಲ್ಲೂ ಹೀರೆ ಇದ್ದರೆ ಅವರಿಗೆ ಗೊತ್ತಿರುತ್ತದೆ.

*ಗಮನಿಸಿ:* ಮೊದಮೊದಲು ಬರುವುದೆಲ್ಲ ಗಂಡು ಹೂವೇ. 'ಹೂವೆಲ್ಲ ಉದುರಿಹೋಗ್ತಿದೆ, ಕಾಯಿ ಒಂದೂ ಇಲ್ಲ' ಎಂಬ ದೂರನ್ನು ಹೆಣ್ಣು ಹೂವು ಬರುವ ತನಕ ಸ್ವೀಕರಿಸಲಾಗುವುದಿಲ್ಲ.

ಹಾವರ್ಥಿಯಾದ ರಾತ್ರಿ ಪಾಳಿ ಕಣ್ಣಿಗೆ ಕಾಣುವಂಥದ್ದಲ್ಲ. ಮಿಕ್ಕ ಹೆಚ್ಚಿನ ಗಿಡಗಳು ಹಗಲಲ್ಲಿ ಎಲೆಯ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆಳೆಯುತ್ತವೆ. ಅದೇ ಬಾಗಿಲಿನಿಂದ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಹೀರೆ ಮಧ್ಯಾಹ್ನ ಜೋತುಬೀಳುವುದಕ್ಕೆ ಕಾರಣವೂ ಇದೇ. ಹಾವರ್ಥಿಯಾ ಹಗಲೆಲ್ಲ ಬಾಗಿಲು ಮುಚ್ಚಿಕೊಂಡಿದ್ದು, ಹೊರಗೆ ತಂಪಾದ ಮೇಲೆ ತೆರೆಯುತ್ತದೆ. ರಾತ್ರಿ ಒಳಗೆ ತಂದ ಅನಿಲವನ್ನು ಮ್ಯಾಲಿಕ್ ಆಮ್ಲವಾಗಿ ಎಲೆಯಲ್ಲಿ ಕೂಡಿಟ್ಟು, ಮರುದಿನದ ಬಿಸಿಲಿನಲ್ಲಿ ಬಾಗಿಲು ತೆರೆಯದೆಯೇ ಅದನ್ನು ಬಳಸಿ ಅಡುಗೆ ಮಾಡಿಕೊಳ್ಳುತ್ತದೆ.

ಸಕ್ಯುಲೆಂಟುಗಳ ಈ ಗುಟ್ಟಿನ ಮೊದಲ ಸುಳಿವುಗಳಲ್ಲಿ ಒಂದಕ್ಕೆ ಬೆಂಗಳೂರಿನ ನಂಟಿದೆ. ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯ ಸರ್ವೆ ತಂಡದಲ್ಲಿದ್ದ, ಕೆಲಕಾಲ ಲಾಲ್‌ಬಾಗಿನ ಉಸ್ತುವಾರಿಯನ್ನೂ ಹೊತ್ತಿದ್ದ ಬೆಂಜಮಿನ್ ಹೈನೆ ಎಂಬ ಜರ್ಮನ್ ಸಸ್ಯತಜ್ಞ, ಕಾಡುಬಸಳೆಯ ಎಲೆಯನ್ನು ಹೊತ್ತು ಹೊತ್ತಿಗೆ ಕಚ್ಚಿ ರುಚಿ ನೋಡಿದ. ಬೆಳಗ್ಗೆ ಹುಳಿ, ಮಧ್ಯಾಹ್ನದ ಹೊತ್ತಿಗೆ ಸಪ್ಪೆ, ಸಂಜೆಗೆ ತುಸು ಕಹಿ. ಅವನು ಬರೆದ ಪತ್ರ 1815ರಲ್ಲಿ ಅದೇ ಲಿನ್ನಿಯನ್ ಸೊಸೈಟಿಯ ಪ್ರಕಟಣೆಯಲ್ಲಿ ಅಚ್ಚಾಯಿತು. ರಾತ್ರಿ ತುಂಬಿದ ಆಮ್ಲ ಹಗಲು ಖರ್ಚಾಗುವುದನ್ನು ಅವನು ಯಾವ ಉಪಕರಣವೂ ಇಲ್ಲದೆ, ಬರಿಯ ನಾಲಗೆಯಿಂದ ಕಂಡುಕೊಂಡಿದ್ದ. ಬಳಕೆದಾರರು ತಮ್ಮ ಹಾವರ್ಥಿಯಾದ ಮೇಲೆ ಈ ಪ್ರಯೋಗ ಮಾಡತಕ್ಕದ್ದಲ್ಲ. ಇರುವುದೇ ಹಿಡಿಯಷ್ಟು ಎಲೆ.

ಉತ್ಪನ್ನದ ವಿಲೇವಾರಿ

ಹೀರೇಕಾಯನ್ನು ಎಳೆಯದಾಗಿರುವಾಗಲೇ ಕೀಳಿ. ಎರಡು ದಿನ ಬಿಟ್ಟರೆ ಅರ್ಧ ಅಡಿ ಬೆಳೆದಿರುತ್ತದೆ. ನಾಲ್ಕು ದಿನ ಬಿಟ್ಟರೆ ಒಳಗೆ ನಾರು. ಎಲೆಯ ಮರೆಯಲ್ಲಿ ಬಲಿತು, ಕಣ್ಣಿಗೆ ಬಿದ್ದಾಗ ಮೊಳಕೈಯುದ್ದವಾಗಿರುವ ಕಾಯಿ ಪ್ರತಿ ಬಳ್ಳಿಯಲ್ಲೂ ಒಂದಾದರೂ ಇರುತ್ತದೆ. ಅದನ್ನು ಅಡುಗೆಮನೆಗೆ ಒಯ್ಯದೆ ಬಳ್ಳಿಯಲ್ಲೇ ಒಣಗಲು ಬಿಡಿ: ಮುಂದಿನ ವರ್ಷದ ಬೀಜ ಅದರೊಳಗಿದೆ.

ಅಡುಗೆಗೆ ಮುನ್ನ ಒಂದು ಚೂರು ಕಚ್ಚಿ ನೋಡುವುದು ಕಡ್ಡಾಯ. ಕಹಿಯಾಗಿದ್ದರೆ ಹುಳಿ, ಬೆಲ್ಲ ಹಾಕಿ ಸರಿಮಾಡಲು ಹೋಗಬೇಡಿ. ಇಡೀ ಕಾಯನ್ನು ಎಸೆಯಿರಿ. ಸೌತೆಯ ಬಳಗದಲ್ಲಿ ಕಹಿ ತರುವ ಕುಕುರ್ಬಿಟಾಸಿನ್ ಎಂಬ ವಸ್ತು ಹೊಟ್ಟೆಗೆ ಅಪಾಯಕಾರಿ. ಕೈಪಿಡಿಯ ಈ ವಾಕ್ಯದಲ್ಲಿ ತಮಾಷೆ ಇಲ್ಲ.

ಸಿಹಿಯಾಗಿದ್ದರೆ ಸಿಪ್ಪೆಯಿಂದ ಶುರು. ಏಣುಗಳನ್ನು ಹೆರೆದು, ಆ ಸಿಪ್ಪೆಯನ್ನು ಉದ್ದಿನಬೇಳೆ, ಒಣಮೆಣಸಿನಕಾಯಿ, ಹುಣಿಸೆಹಣ್ಣಿನ ಜೊತೆ ಹುರಿದು ಚಟ್ನಿ ಮಾಡಿ. ತಿರುಳಿಗೆ ದಾರಿ ಹಲವು: ತೊವ್ವೆ, ಪಲ್ಯ, ಮಳೆ ಬಂದ ಸಂಜೆಗೆ ಬಜ್ಜಿ, ಬಿಲ್ಲೆಗಳನ್ನು ಹಿಟ್ಟಿನಲ್ಲಿ ಅದ್ದಿ ಕಾವಲಿಯ ಮೇಲೆ ಒತ್ತೊತ್ತಾಗಿ ಜೋಡಿಸಿ ಹೊಯ್ಯುವ ದೋಸೆ. ಉತ್ತರ ಕರ್ನಾಟಕದವರು ಹೊಟ್ಟೆ ಸೀಳಿ ಶೇಂಗಾ, ಗುರೆಳ್ಳಿನ ಪುಡಿ ತುಂಬಿ ಎಣ್ಣೆಗಾಯಿ ಮಾಡಿ, ಜೋಳದ ರೊಟ್ಟಿಯ ಮೇಲಿಟ್ಟುಕೊಳ್ಳುತ್ತಾರೆ. ಹೀರೇಕಾಯಿಯಲ್ಲಿ ನೂರಕ್ಕೆ ತೊಂಬತ್ತೈದು ಪಾಲು ನೀರೇ ಇರುವುದರಿಂದ ಬಾಣಲೆ ತುಂಬ ಹಾಕಿದ್ದು ಬಟ್ಟಲಿಗಿಳಿಯುತ್ತದೆ. ಅಳತೆ ಕಡಿಮೆಯಾಯಿತೆಂದು ಅಡುಗೆಯವರನ್ನು ಅನುಮಾನಿಸಬೇಡಿ.

ತುಂಬಿದ ಹಂಗಾಮಿನಲ್ಲಿ ಮನೆಯವರು ಎರಡನೆಯ ವಾರಕ್ಕೆ 'ಇವತ್ತೂ ಹೀರೇಕಾಯೇ?' ಎಂದು ಕೇಳತೊಡಗುತ್ತಾರೆ. ಆಗ ಹಂಚಿ. ವಾಚ್‌ಮನ್, ಕೆಲಸದವರು, ಎದುರು ಮನೆ, ಕಚೇರಿ. ಹೀರೆ ಬೆಳೆಸಿದವರಿಗೆ ಬಡಾವಣೆಯಲ್ಲಿ ಪರಿಚಯ ಹೆಚ್ಚುವುದಕ್ಕೆ ಈ ಒತ್ತಡವೇ ಕಾರಣ.

ಹಾವರ್ಥಿಯಾದ ಉತ್ಪನ್ನವೆಂದರೆ ಮರಿ. ಬುಡದಲ್ಲಿ, ತಾಯಿಗೆ ಒತ್ತಿಕೊಂಡು ಪುಟ್ಟ ಮರಿಗಳು ಏಳುತ್ತವೆ. ಸ್ವಂತ ಬೇರು ಬಂದ ಮೇಲೆ ಬಿಡಿಸಿ, ಗಾಯ ಒಣಗಲು ಎರಡು ಮೂರು ದಿನ ಬಿಟ್ಟು, ಬೇರೆ ಕುಂಡಕ್ಕೆ ಹಾಕಿ. ವರ್ಷಕ್ಕೆ ಒಂದೋ ಎರಡೋ ಸಿಗುವುದರಿಂದ ಯಾರಿಗೆ ಕೊಡಬೇಕೆಂದು ಬಹಳ ಯೋಚಿಸಬೇಕಾಗುತ್ತದೆ. ಹೀಗೆ ಯೋಚಿಸಿ ಕೊಟ್ಟದ್ದನ್ನು ಪಡೆದವರು ದಿನವೂ ನೀರು ಹಾಕಿ ಕೊಲ್ಲುತ್ತಾರೆ.

ದೋಷ ಪತ್ತೆ ಮತ್ತು ದೂರು ವಿಭಾಗ

*ಹೀರೆ, ಎಲೆಯ ಮೇಲೆ ಬಿಳಿಯ ವಕ್ರ ಗೆರೆಗಳು:* ರಂಗೋಲಿ ಹುಳು. ಗೆರೆ ಬಿದ್ದ ಎಲೆ ಕಿತ್ತುಹಾಕಿ.

*ಹೀರೆ, ಎಲೆಯ ಮೇಲೆ ಹಿಟ್ಟು ಚೆಲ್ಲಿದಂತೆ:* ಬೂದಿ ರೋಗ. ಆ ಎಲೆಗಳನ್ನು ತೆಗೆದು, ಬಳ್ಳಿಗೆ ಗಾಳಿಯಾಡಲು ಬಿಡಿ.

*ಹೀರೆ, ಎಳೆಗಾಯಿ ಸೊಟ್ಟಗಾಗಿ ಕೊಳೆಯುತ್ತಿದೆ:* ಹಣ್ಣುನೊಣ ಮೊಟ್ಟೆಯಿಟ್ಟಿದೆ. ಎಳೆಗಾಯಿಗೆ ಕಾಗದದ ಚೀಲ ತೊಡಿಸಿ. ಕೊಳೆತದ್ದನ್ನು ಕುಂಡದ ಬುಡಕ್ಕೇ ಹಾಕದೆ ದೂರ ಸಾಗಿಸಿ, ಇಲ್ಲದಿದ್ದರೆ ಮುಂದಿನ ತಲೆಮಾರಿಗೆ ತಾವೇ ತೊಟ್ಟಿಲು ಕಟ್ಟಿದಂತೆ.

*ಹಾವರ್ಥಿಯಾ, ಎಲೆಯ ಸಂದಿಯಲ್ಲಿ ಹತ್ತಿಯಂಥ ಚುಕ್ಕೆ:* ಹಿಟ್ಟು ತಿಗಣೆ. ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ.

*ಹಾವರ್ಥಿಯಾ, ಎಲೆ ಸುಕ್ಕುಗಟ್ಟಿದೆ:* ಇಲ್ಲಿ ಎಚ್ಚರ. ನೀರು ಕಡಿಮೆಯಾದರೂ ಸುಕ್ಕು. ನೀರು ಹೆಚ್ಚಾಗಿ ಬೇರು ಕೊಳೆತರೂ, ನೀರೆಳೆಯಲು ಬೇರೇ ಇಲ್ಲದ್ದರಿಂದ, ಅದೇ ಸುಕ್ಕು. ಕುಂಡ ಎತ್ತಿ ನೋಡಿ. ಹಗುರವಾಗಿದ್ದರೆ ಬಾಯಾರಿಕೆ. ಭಾರವಾಗಿದ್ದು, ಗಿಡವನ್ನು ಅಲುಗಿಸಿದಾಗ ಸಡಿಲವಾಗಿ ವಾಲಿದರೆ ಕೊಳೆತ. ಆಗ ಕಿತ್ತು, ಕೊಳೆತ ಬೇರು ಕತ್ತರಿಸಿ, ಕೆಲವು ದಿನ ನೆರಳಲ್ಲಿ ಒಣಗಿಸಿ, ಒಣ ಮಣ್ಣಿನಲ್ಲಿ ಮತ್ತೆ ನೆಡಿ.

ಮೇಲಿನ ಪಟ್ಟಿಯನ್ನು ನೋಡಿದ ಗ್ರಾಹಕರು, ಹೀರೆಗೆ ಕಾಯಿಲೆ ಜಾಸ್ತಿ, ಹಾವರ್ಥಿಯಾ ನಿಶ್ಚಿಂತೆ ಎಂಬ ತೀರ್ಮಾನಕ್ಕೆ ಬರುವ ಸಂಭವವಿದೆ. ಹಾಗಲ್ಲ. ಹೀರೆ ತನಗೆ ಆದದ್ದನ್ನೆಲ್ಲ ಆಗಿಂದಾಗ್ಗೆ ಎಲೆಯ ಮೇಲೆ ಬರೆದು ತೋರಿಸುತ್ತದೆ. ಅರ್ಧಕ್ಕರ್ಧ ದೂರುಗಳು ಸಂಜೆಯೊಳಗೆ ತಾವೇ ಬಗೆಹರಿಯುತ್ತವೆ. ಹಾವರ್ಥಿಯಾ ದೂರುವುದಿಲ್ಲ. ಕೆಳಗೆ ಬೇರು ಕೊಳೆಯುತ್ತಿರುವಾಗಲೂ ಎಲೆಯಲ್ಲಿ ಕೂಡಿಟ್ಟ ನೀರಿನ ಮೇಲೆ ವಾರಗಟ್ಟಲೆ ಮೊದಲಿನ ಬಣ್ಣ, ಮೊದಲಿನ ಪಟ್ಟೆ, ಮೊದಲಿನ ಗಾಂಭೀರ್ಯ ಉಳಿಸಿಕೊಂಡಿರುತ್ತದೆ. ದಿನಕ್ಕೆ ಮೂರು ಸಲ ಮಂಡಿನೋವಿನ ಸುದ್ದಿ ಹೇಳುವ ಅಜ್ಜಿಯ ಬಿ.ಪಿ. ಮಾತ್ರೆ ತಪ್ಪುವುದಿಲ್ಲ, 'ನಂಗೇನಾಗಿದೆ, ಚೆನ್ನಾಗಿದೀನಿ' ಎನ್ನುವ ತಾತನನ್ನೇ ರಾತ್ರೋರಾತ್ರಿ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ. ಆದ್ದರಿಂದ ಕಡಿಮೆ ಆರೈಕೆಯ ಗಿಡವೆಂದರೆ ಕಡಿಮೆ ಗಮನದ ಗಿಡ ಎಂದು ಓದಿಕೊಳ್ಳಬಾರದು. ಹೀರೆಯ ದೂರನ್ನು ಅರ್ಧ ನಂಬಿ. ಹಾವರ್ಥಿಯಾದ ಮೌನವನ್ನು ಪೂರ್ತಿ ನಂಬಬೇಡಿ: ಹತ್ತು ದಿನಕ್ಕೊಮ್ಮೆ ತಾವಾಗಿ ಹೋಗಿ ಕುಂಡ ಎತ್ತಿ ತೂಕ ನೋಡಿ. ಕೈಯಲ್ಲಿ ಮಗ್ಗಿಲ್ಲದೆ ಹೋಗಿ.

ಆಯ್ಕೆಗೆ ಮಾರ್ಗಸೂಚಿ

ಬಾಲ್ಕನಿಗೆ ಅರ್ಧ ದಿನದ ಬಿಸಿಲಿದ್ದು, ಸಂಜೆ ಏಳಕ್ಕೆ ಮನೆಯಲ್ಲಿರಬಲ್ಲವರು, ಊರೂರು ಸುತ್ತದವರು, ಪಕ್ಕದ ಮನೆಯವರೊಡನೆ ಮಾತಾಡಲು ಒಂದು ನೆಪ ಬೇಕಾದವರು ಹೀರೆ ಹಾಕಿ. ಹಂಗಾಮು ಮುಗಿದಾಗ ಬಳ್ಳಿ ಒಣಗುತ್ತದೆ. ಅದು ವೈಫಲ್ಯವಲ್ಲವಾದ್ದರಿಂದ ಅದಕ್ಕೆ ವಾರಂಟಿ ಕ್ಲೇಮು ಇಲ್ಲ.

ಬಿಸಿಲು ಕಡಿಮೆಯಿರುವವರು, ತಿಂಗಳಿಗೆರಡು ಸಲ ಪ್ರಯಾಣ ಮಾಡುವವರು, ಮತ್ತು ಬಹುಮುಖ್ಯವಾಗಿ, ಎದುರಿಗಿರುವ ಗಿಡಕ್ಕೆ ಏನೂ ಮಾಡದೆ ಸುಮ್ಮನಿರಬಲ್ಲವರು ಹಾವರ್ಥಿಯಾ ತನ್ನಿ. ಈ ಕೊನೆಯ ಅರ್ಹತೆ ಉಳ್ಳವರ ಸಂಖ್ಯೆ ತಾವು ಅಂದುಕೊಂಡಿರುವುದಕ್ಕಿಂತ ಕಡಿಮೆ.

ಎರಡನ್ನೂ ಸಾಕುವವರಿಗೆ ಒಂದು ವಿಶೇಷ ಎಚ್ಚರಿಕೆ. ಇಂಥ ಮನೆಗಳಲ್ಲಿ ಹಾವರ್ಥಿಯಾ ಸಾಯುವ ರೀತಿ ಬಹುತೇಕ ಒಂದೇ. ಬೆಳಗ್ಗೆ ಹೀರೆಗೆ ನೀರು ಹಾಕಿ ಮುಗಿದಾಗ ಮಗ್ಗಿನ ತಳದಲ್ಲಿ ತುಸು ನೀರು ಉಳಿದಿರುತ್ತದೆ. ಚೆಲ್ಲಲು ಮನಸ್ಸು ಬರುವುದಿಲ್ಲ. ಪಕ್ಕದಲ್ಲೇ, ಕೈಗೆ ಸಿಗುವಂತೆ, ಪುಟ್ಟ ಕುಂಡವೊಂದು ಸುಮ್ಮನೆ ಕೂತಿರುತ್ತದೆ. ಉಳಿದ ನೀರನ್ನು ಅದಕ್ಕೆ ಹಾಕಬೇಡಿ. ಹೀರೆಗೇ ಹಾಕಿ, ಅಥವಾ ತುಳಸಿಗೆ. ಎರಡರ ಬುಡವೂ ತುಂಬಿದ್ದರೆ ಮಗ್ಗನ್ನು ಹಾಗೆಯೇ ಬಚ್ಚಲಿಗೆ ಒಯ್ದು ತಮ್ಮ ಕಾಲ ಮೇಲೆ ಸುರಿದುಕೊಳ್ಳಿ.